ಹನ್ನೊಂದು ಜನರ ಮನೆಗೆ ಒಂದೇ ಗೋಡೆ ಕ್ಯಾಲೆಂಡರ್: ಹನ್ನೊಂದು ತಿಂಗಳು ಬಳಸಿದ ಮೇಲೆ

ಹೋದ ಡಿಸೆಂಬರಿನಲ್ಲಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ತರಕಾರಿ ತರಲು ಹೋದವಳು ಹಾಗೇ ಪುಸ್ತಕದಂಗಡಿಗೆ ಹೊಕ್ಕು ದೊಡ್ಡ ಚೌಕದ ಒಂದು ಗೋಡೆ ಕ್ಯಾಲೆಂಡರ್ ತಗೊಂಡು ಬಂದೆ. ನೂರು ರೂಪಾಯಿ ಒಳಗೇ ಆಯಿತು. ಹನ್ನೊಂದು ತಿಂಗಳಿಂದ ಒಂದು ದಿನವೂ ಬಿಡದೆ ಬಳಸಿದ್ದೇವೆ. ಯಾವ ಪ್ರೆಸ್ಸಿನದು ಅಂತ ಹೇಳುವುದಕ್ಕಿಂತ, ಎಂಥದ್ದು ತಗೋಬೇಕು, ಹೇಗೆ ಬಳಸಬೇಕು ಅಂತ ಹೇಳಿದರೆ ನಮ್ಮಂಥ ದೊಡ್ಡ ಮನೆಯವರಿಗೆ ಜಾಸ್ತಿ ಉಪಯೋಗ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಯ ಲೆಕ್ಕ ಹೇಳಿಬಿಡುತ್ತೇನೆ. ಅತ್ತೆ, ಮಾವ, ಭಾವ, ಅಕ್ಕ (ನನ್ನ ಓರಗಿತ್ತಿ), ನಾವಿಬ್ಬರು, ಮೈದುನ, ಅವನ ಹೆಂಡತಿ, ಮೂರು ಮಕ್ಕಳು. ಅತ್ತೆಗೆ ಶುಗರ್. ಮಾವನಿಗೆ ಹೃದಯದ ತಪಾಸಣೆಗೆ ಆರು ತಿಂಗಳಿಗೊಮ್ಮೆ ಮೈಸೂರು, ಹೋಗಲು ಬರಲು ಒಂದು ಪೂರ್ತಿ ದಿನ. ಜೊತೆಗೆ ಈ ವರ್ಷ ಕಣ್ಣಿನ ಪೊರೆ ಆಪರೇಷನ್. ಮೈದುನನ ಹೆಂಡತಿ ವರ್ಷದ ಮೊದಲಿಗೆ ಬಸುರಿ. ಮಕ್ಕಳು ಮೂವರೂ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿದ್ದಾರೆ. ಅಕ್ಕನ ಮಗ ಹದಿನೈದರವನು, ಸ್ಕೌಟ್. ಅವನ ತಂಗಿಯೂ ನನ್ನ ಮಗಳೂ ಆಗ ಬುಲ್‌ಬುಲ್, ಅಂದರೆ ಹತ್ತು ತುಂಬದ ಹುಡುಗಿಯರ ದಳ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ತರಗತಿ, ನಡುನಡುವೆ ಶಿಬಿರ, ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಪರೇಡ್, ಫೆಬ್ರವರಿ 22ಕ್ಕೆ ಚಿಂತನಾ ದಿನ (ಸ್ಕೌಟ್ಸ್ ಸ್ಥಾಪಕರ ಹುಟ್ಟುಹಬ್ಬ). ಸ್ಕೌಟ್, ಗೈಡ್ ಆದವರು ಪ್ರಥಮ, ದ್ವಿತೀಯ, ತೃತೀಯ ಸೋಪಾನ ಅಂತ ಒಂದೊಂದೇ ಹಂತ ಹತ್ತುತ್ತಾ ಹೋಗಬೇಕು, ಪರೀಕ್ಷಾ ಶಿಬಿರ ಒಂದು ತಪ್ಪಿದರೆ ಮಗು ಜೊತೆಯವರಿಗಿಂತ ಹಿಂದೆ ಉಳಿಯುತ್ತದೆ. ಆಸ್ಪತ್ರೆಯದ್ದೂ ಹಾಗೇ, ಒಂದು ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ.

ಇದೆಲ್ಲಾ ಮೊದಲು ನನ್ನ ಮೊಬೈಲಿನಲ್ಲಿತ್ತು. ಕೆಟ್ಟದೇನಲ್ಲ, ಗಂಟೆ ಹೊಡೆದು ನೆನಪಿಸುತ್ತಿತ್ತು. ಆದರೆ ನನಗೆ ಮಾತ್ರ ನೆನಪಿಸುತ್ತಿತ್ತು. ಹೋದ ವರ್ಷ ತವರಿನಲ್ಲಿ ಮದುವೆ ಅಂತ ಎರಡು ದಿನ ನಾನು ಅರಸೀಕೆರೆಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಮೊಬೈಲ್ ಬಡಿದುಕೊಂಡಿತು, "ಅತ್ತೆಗೆ ರಕ್ತ ಪರೀಕ್ಷೆ, ಖಾಲಿ ಹೊಟ್ಟೆ" ಅಂತ. ಮನೆಗೆ ಫೋನ್ ಮಾಡುವಷ್ಟರಲ್ಲಿ ಅತ್ತೆ ಕಾಫಿ ಕುಡಿದು ರೊಟ್ಟಿಯನ್ನೂ ತಿಂದಾಗಿತ್ತು. ಖಾಲಿ ಹೊಟ್ಟೆ ಪರೀಕ್ಷೆಗೆ ಎಂಟು ಗಂಟೆಯಾದರೂ ಏನೂ ತಿಂದಿರಬಾರದು, ಅವತ್ತಿನದು ಹೋಯಿತು. ಯಾರನ್ನು ಬೈಯುವುದು? ಮನೆಯಲ್ಲಿ ಇನ್ನು ಯಾರಿಗೂ ಗೊತ್ತೇ ಇರಲಿಲ್ಲ. ಹನ್ನೊಂದು ಜನರ ದಿನಗಳನ್ನು ಒಬ್ಬಳ ಜೇಬಿನಲ್ಲಿ ಇಟ್ಟುಕೊಳ್ಳುವುದೇ ತಪ್ಪು ಅಂತ ನನಗೆ ಅವತ್ತು ಅರ್ಥವಾಯಿತು.

ಈಗ ಕ್ಯಾಲೆಂಡರ್ ವಿಷಯ. ಒಡವೆ ಅಂಗಡಿಯವರು, ಸೊಸೈಟಿಯವರು ಸುಮ್ನೆ ಕೊಡುವ ಕ್ಯಾಲೆಂಡರ್ ಈ ಕೆಲಸಕ್ಕೆ ಆಗುವುದಿಲ್ಲ. ಅರ್ಧ ಹಾಳೆ ದೇವರ ಚಿತ್ರ ಇರುತ್ತದೆ, ಅದು ದೇವರ ಮನೆಗೆ ಸರಿ. ನಾನು ತಂದದ್ದರಲ್ಲಿ ಒಂದು ತಿಂಗಳಿಗೆ ಒಂದು ಪೂರ್ತಿ ಹಾಳೆ, ಚೌಕ ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ದಿನಾಂಕ ಮೂಲೆಯಲ್ಲಿ, ಕೆಳಗೆ ಸಣ್ಣದಾಗಿ ತಿಥಿ ನಕ್ಷತ್ರ, ಉಳಿದದ್ದು ಖಾಲಿ. ಮೂರು ಸಾಲು ಆರಾಮಾಗಿ ಹಿಡಿಸುತ್ತದೆ. ತಗೊಳ್ಳುವಾಗ ಹಾಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ನುಣ್ಣಗೆ ಹೊಳೆಯುವ ಹಾಳೆ ಆದರೆ ಬಾಲ್ ಪೆನ್ ಜಾರುತ್ತದೆ, ಜೆಲ್ ಪೆನ್ ಹರಡುತ್ತದೆ, ಪೆನ್ಸಿಲ್ ಹಿಡಿಯುವುದೇ ಇಲ್ಲ. ಸ್ವಲ್ಪ ತರಿತರಿ ಇರುವ ಹಾಳೆಯೇ ಬೇಕು. ನಾನು ಅಂಗಡಿಯವರನ್ನು ಕೇಳಿ ಹಿಂಬದಿಯ ಮೂಲೆಯಲ್ಲಿ ಗೀಚಿ ನೋಡಿಯೇ ತಂದೆ, ಅವರು ಬೇಡ ಅನ್ನಲಿಲ್ಲ.

ತಿಥಿ ಬೇಕಾ ಅಂತ ಕೇಳಬಹುದು. ಹಾಸನದಲ್ಲಿ ಬೇಕೇ ಬೇಕು. ಹಾಸನಾಂಬೆ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ, ಮುಚ್ಚುವುದು ಬಲಿಪಾಡ್ಯಮಿ ಆಸುಪಾಸಿನಲ್ಲಿ. ಆ ದಿನಗಳಲ್ಲಿ ಊರೊಳಗೆ ಆಟೋ ಮುಂದೆ ಹೋಗುವುದೇ ಕಷ್ಟ, ಅಂಥದ್ದರಲ್ಲಿ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು ಬೇಡ. ಅಕ್ಕನ ಮಗನ ದಳದ ಹುಡುಗರು ಸರದಿ ಸಾಲಿನಲ್ಲಿ ನೀರು ಕೊಡುವ ಸೇವೆಗೆ ಬೇರೆ ಹೋಗುತ್ತಾರೆ. ಹಾಗಾಗಿ ಜನವರಿಯಲ್ಲೇ ಹುಣ್ಣಿಮೆ ನೋಡಿ, ಗುರುವಾರ ಹಿಡಿದು, ಅಲ್ಲಿಂದ ಪಾಡ್ಯದ ತನಕ ಅಡ್ಡಗೆರೆ ಎಳೆದುಬಿಟ್ಟೆವು. ತೀರಾ ತುರ್ತು ಅಲ್ಲದ ಯಾವ ತಪಾಸಣೆಯನ್ನೂ ಆ ಗೆರೆಯೊಳಗೆ ಹಾಕಲಿಲ್ಲ.

ಬಣ್ಣದ ವಿಷಯದಲ್ಲಿ ಒಂದು ಮಾತು. ಕೆಂಪು ಬೇಡ, ರಜಾ ದಿನಗಳು ಆಗಲೇ ಕೆಂಪಿನಲ್ಲಿರುತ್ತವೆ. ನಮ್ಮಲ್ಲಿ ಆಸ್ಪತ್ರೆಗೆ ನೀಲಿ, ಸ್ಕೌಟ್ಸ್‌ಗೆ ಹಸಿರು, ಇನ್ನೂ ಗಟ್ಟಿಯಾಗದ ದಿನಕ್ಕೆ ಪೆನ್ಸಿಲ್. ಪೆನ್ಸಿಲ್ ಮಾತ್ರ ಮೊದಲ ವಾರದಲ್ಲೇ ನಾಲ್ಕು ಸಲ ಕಳೆಯಿತು. ಆಗ ಅಕ್ಕನ ಮಗ ಒಂದು ಹುರಿ ತಂದು ಪೆನ್ಸಿಲಿನ ಮೇಲ್ತುದಿಗೆ ಕ್ಲೋವ್ ಹಿಚ್ ಅನ್ನುವ ಗಂಟು ಹಾಕಿ ಮೊಳೆಗೆ ಕಟ್ಟಿದ. ಎರಡು ಸುತ್ತು ಒಂದರ ಪಕ್ಕ ಒಂದು, ತುದಿ ನಡುವೆ ತೂರಿಸಿ ಎಳೆದ, ಅಷ್ಟೇ. ದುಂಡಗಿನದನ್ನು ಹಿಡಿಯಲು ಅದೇ ಗಂಟು ಸರಿ ಅಂದ. ಎಳೆದಷ್ಟೂ ಬಿಗಿಯಾಗುತ್ತದೆ. ಇವತ್ತಿಗೂ ಅಲ್ಲೇ ತೂಗುತ್ತಿದೆ.

ತೂಗುಹಾಕುವ ಜಾಗವೂ ಮುಖ್ಯ. ನಮ್ಮದು ಅಡುಗೆಮನೆ ಬಾಗಿಲ ಪಕ್ಕ, ಅತ್ತೆಯ ಕಣ್ಣಿನ ಎತ್ತರಕ್ಕೆ. ಅತ್ತೆ ಮೊಬೈಲ್ ಮುಟ್ಟುವುದಿಲ್ಲ, ಆದರೆ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲಾ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವರಿಗೆ ನಲವತ್ತು ವರ್ಷದ ಅಭ್ಯಾಸ. ಹಾಗಾಗಿ ಹೊಸದಾಗಿ ಯಾರೂ ಏನೂ ಕಲಿಸಬೇಕಾಗಲಿಲ್ಲ. ಜುಲೈನಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತಿದ್ದರು, ಬೆರಳಿಟ್ಟು ಒಂದೊಂದೇ ಚೌಕ ಓದುತ್ತಿದ್ದರು. "ಏನಮ್ಮ, ಹತ್ತೊಂಬತ್ತಕ್ಕೆ ಹುಡುಗನ ಸೋಪಾನದ ಕ್ಯಾಂಪು ಅಂತ ಬರ್ದಿದೀಯ, ಅವತ್ತೇ ಇವ್ರ ಕಣ್ಣಿಗೆ ಬರಕ್ಕೆ ಹೇಳವ್ರೆ. ಕಾರು ಒಂದೇ ಅಲ್ವಾ?" ಅಂದರು. ನಾನೂ ನೋಡಿರಲಿಲ್ಲ, ಅಕ್ಕನೂ ನೋಡಿರಲಿಲ್ಲ. ಅವರೇ ಮೈದುನನ ಕೈಲಿ ಫೋನ್ ಹಚ್ಚಿಸಿ ಆಸ್ಪತ್ರೆಯವರ ಹತ್ತಿರ ಮಾತಾಡಿ ಮಂಗಳವಾರಕ್ಕೆ ಹಾಕಿಸಿಕೊಂಡರು. ನೀಲಿ ಬರಹವನ್ನು ಹೊಡೆದು ಹಾಕಿ ಮಂಗಳವಾರದ ಚೌಕದಲ್ಲಿ ತಮ್ಮ ಕೈಯಾರೆ "ಕಣ್ಣು" ಅಂತ ಬರೆದರು. ಈ ಕ್ಯಾಲೆಂಡರಿಗೆ ನಾನು ಕೊಟ್ಟ ದುಡ್ಡು ನನಗೆ ಅವತ್ತೇ ವಾಪಸ್ ಬಂತು.

ಗೋಡೆಯ ಮೇಲೆ ಎಲ್ಲಾ ಒಟ್ಟಿಗೆ ಇರುವುದರಿಂದ ಜೋಡಿಸಿ ನೋಡಲು ಆಗುತ್ತದೆ. ಗರ್ಭಿಣಿಯರಿಗೆ ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ತಪಾಸಣೆ ಇದೆ. ಜನವರಿಯಲ್ಲೇ ಕೂತು ಪ್ರತಿ ತಿಂಗಳ 9ಕ್ಕೂ ನೀಲಿ ಚುಕ್ಕೆ ಇಟ್ಟಿದ್ದರಿಂದ ಮೈದುನನ ಹೆಂಡತಿಯ ಜೊತೆ ಯಾರು ಹೋಗಬೇಕು ಅಂತ ಒಂದು ಸಲವೂ ಕೊನೆ ಗಳಿಗೆಯ ಪರದಾಟ ಆಗಲಿಲ್ಲ. ಜೂನಿನಲ್ಲಿ ಮಗು ಹುಟ್ಟಿತು, ಈಗ ನಾವು ಹನ್ನೆರಡು ಜನ. ಅದರ ಲಸಿಕೆ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ. ವಾರ ಎಣಿಸಲು ಚೌಕದ ಕ್ಯಾಲೆಂಡರಿನಷ್ಟು ಸುಲಭದ್ದು ಇನ್ನೊಂದಿಲ್ಲ, ಹುಟ್ಟಿದ ವಾರದ ಸಾಲಿನಿಂದ ಬೆರಳು ಇಳಿಸುತ್ತಾ ಹೋದರೆ ಆಯಿತು. ಅಕ್ಕನ ಮಗಳಿಗೆ ಹತ್ತು ತುಂಬಿದ್ದೂ ಈ ವರ್ಷವೇ. ಹತ್ತಕ್ಕೆ ಬುಲ್‌ಬುಲ್ ಮುಗಿದು ಗೈಡ್, ಹತ್ತಕ್ಕೇ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಚುಚ್ಚುಮದ್ದು ಕೂಡ. ಹುಟ್ಟುಹಬ್ಬದ ಚೌಕದ ಪಕ್ಕದಲ್ಲೇ ಎರಡನ್ನೂ ಬರೆದುಕೊಂಡೆವು. ಚುಚ್ಚುಮದ್ದನ್ನು ಮಾತ್ರ ಶನಿವಾರ ಬಿಟ್ಟು ಹಾಕಿಸಿದೆವು, ತೋಳು ನೋಯುತ್ತಾ ಮಗು ಕವಾಯತಿಗೆ ನಿಲ್ಲುವುದು ಬೇಡ ಅಂತ.

ನನ್ನ ಮಗಳ ವಿಷಯ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಮಾವನ ಕಣ್ಣಿನ ಆಪರೇಷನ್ ಆದ ಮೇಲೆ ದಿನಕ್ಕೆ ಆರು ಸಲ ಡ್ರಾಪ್ಸ್, ಅದೂ ಎರಡು ಥರದ್ದು, ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಸ್ಕೌಟ್ಸ್ ಮಕ್ಕಳಿಗೆ ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು ಅಂತ ಹೇಳಿಕೊಡುತ್ತಾರೆ, ಎಂಟು ವರ್ಷದ ಇವಳು ಸಂಜೆಯ ಡ್ರಾಪ್ಸ್ ನನ್ನದು ಅಂತ ತಗೊಂಡಳು. ಸೋಪು ಹಚ್ಚಿ ಕೈ ತೊಳೆದು ಬರುತ್ತಾಳೆ. ತಾತನ ಕೆಳ ರೆಪ್ಪೆಯನ್ನು ನಾನು ಎಳೆದು ಹಿಡಿಯಬೇಕು, ಅವಳು ಉಸಿರು ಕಟ್ಟಿಕೊಂಡು ಒಂದೇ ಒಂದು ತೊಟ್ಟು ಬಿಡುತ್ತಾಳೆ, ಆಮೇಲೆ ಗಡಿಯಾರದ ಕೆಳಗೆ ಐದು ನಿಮಿಷ ನಿಲ್ಲುತ್ತಾಳೆ. ಎರಡನೆಯದೂ ಆದ ಮೇಲೆ ಸ್ಟೂಲ್ ಹತ್ತಿ ಅವತ್ತಿನ ಚೌಕದಲ್ಲಿ ಹಸಿರು ಟಿಕ್. ಆಸ್ಪತ್ರೆ ಕೆಲಸಕ್ಕೆ ನೀಲಿ ಅಲ್ವಾ ಅಂದೆ. ಇಲ್ಲಮ್ಮ, ಇದು ನನ್ನ ಬುಲ್‌ಬುಲ್ ಕೆಲಸ ಅಂದಳು. ಆಗಸ್ಟ್ ಹಾಳೆ ತುಂಬಾ ಹಸಿರು ಟಿಕ್ ಇವೆ. ಆ ಹಾಳೆಯನ್ನು ನಾನು ಎಸೆಯುವುದಿಲ್ಲ.

ಕೊರತೆಯೂ ಇವೆ. ತಿಂಗಳ ಕೊನೆ ವಾರ ದೊಡ್ಡ ತೊಂದರೆ, ಒಂದನೇ ತಾರೀಕಿನದು ಮುಂದಿನ ಹಾಳೆಯಲ್ಲಿ ಅಡಗಿರುತ್ತದೆ. ಅದಕ್ಕೆ 25ರ ನಂತರ ಹಾಳೆ ಎತ್ತಿ ನೋಡುವುದು ಅಂತ ರೂಢಿ ಮಾಡಿಕೊಂಡೆವು. ಡಾಕ್ಟರು "ಮೂರು ತಿಂಗಳು ಬಿಟ್ಟು ಬನ್ನಿ" ಅಂದರೆ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ಮೂರು ಹಾಳೆ ಎತ್ತಿ ಬರೆಯಬೇಕು, ಊಟ ಆದ ಮೇಲೆ ಬರೆಯೋಣ ಅಂದರೆ ಮರೆತೇ ಹೋಗುತ್ತದೆ. ಹೊರಗೆ ಇರುವಾಗ ಕ್ಯಾಲೆಂಡರ್ ಕೈಯಲ್ಲಿರುವುದಿಲ್ಲ, ಹಾಗಾಗಿ ಪ್ರತಿ ತಿಂಗಳ ಮೊದಲ ದಿನ ಅದರ ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸುತ್ತೇನೆ. ಒಗ್ಗರಣೆ ಹೊಗೆಗೆ ಹಾಳೆಯ ಅಂಚು ಹಳದಿ ತಿರುಗಿದೆ. ಮೇಲಿನ ತಗಡಿನ ಪಟ್ಟಿ ಹಾಳೆ ಎತ್ತಿ ಎತ್ತಿ ಸೆಪ್ಟೆಂಬರ್ ಹೊತ್ತಿಗೆ ಸಡಿಲವಾಯಿತು. ಸುರುಳಿ ತಂತಿ ಹಾಕಿದ್ದು ಸಿಕ್ಕರೆ ಹತ್ತು ರೂಪಾಯಿ ಜಾಸ್ತಿ ಆದರೂ ಅದನ್ನೇ ತಗೊಳ್ಳಿ. ಇನ್ನೊಂದು, ವರ್ಷದ ಕೊನೆಗೆ ಮುಂದಿನ ದಿನಗಳನ್ನು ಬರೆಯಲು ಹಾಳೆಯೇ ಇರುವುದಿಲ್ಲ. ಅಂಗಡಿಗೆ ಹೊಸದು ಬಂದ ಕೂಡಲೇ ತಂದಿಟ್ಟುಕೊಳ್ಳಿ, ಡಿಸೆಂಬರ್ 31ರ ತನಕ ಕಾಯಬೇಡಿ.

ನಮ್ಮನೆಗೆ ಮೊನ್ನೆ ಭಾನುವಾರ ಹೊಸದನ್ನು ಮಾವನೇ ಹೋಗಿ ತಂದರು, ಸುರುಳಿ ತಂತಿಯದ್ದೇ, ಹಾಳೆ ಗೀಚಿ ನೋಡಿದೆ ಅಂತ ಹೇಳಿದರು. ಅವತ್ತೇ ಎಲ್ಲರೂ ನಡುಮನೆಯಲ್ಲಿ ಕೂತು ಬರೆದೆವು. ಫೆಬ್ರವರಿ 22ಕ್ಕೆ ಮೂರು ಮಕ್ಕಳ ಹೆಸರೂ ಹಸಿರಿನಲ್ಲಿ, ಮಾರ್ಚ್‌ನಲ್ಲಿ ಪುಟ್ಟಿಗೆ ಒಂಬತ್ತು ತಿಂಗಳ ಲಸಿಕೆ ನೀಲಿಯಲ್ಲಿ. ಮಾವನ ಮೈಸೂರು ಇನ್ನೂ ಪೆನ್ಸಿಲ್‌ನಲ್ಲೇ ಇದೆ.