ಅಮೆರಿಕದ ಕಾಲೇಜುಗಳ ಕ್ಯಾಂಪಸ್ ಟೂರ್: ಮನೆಮಂದಿಯೆಲ್ಲ ಹೋದಾಗ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಅಮೆರಿಕದ ಬಹುತೇಕ ಕಾಲೇಜುಗಳು ಹೈಸ್ಕೂಲು ಮಕ್ಕಳಿಗೂ ಅವರ ಮನೆಯವರಿಗೂ ಕ್ಯಾಂಪಸ್ ತೋರಿಸುವ ಏರ್ಪಾಡು ಇಟ್ಟುಕೊಂಡಿವೆ. ಅಡ್ಮಿಶನ್ ಆಫೀಸಿನ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ಸಾಕು, ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಮೊದಲು 45 ನಿಮಿಷದಿಂದ ಒಂದು ಗಂಟೆ ಇನ್ಫರ್ಮೇಶನ್ ಸೆಷನ್. ಆಮೇಲೆ ಅಲ್ಲೇ ಓದುತ್ತಿರುವ ವಿದ್ಯಾರ್ಥಿಯೊಬ್ಬರ ಜೊತೆ ಒಂದು ಒಂದೂವರೆ ಗಂಟೆ ಕಾಲ್ನಡಿಗೆಯ ಟೂರ್. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಟೂರ್ ಖಂಡಿತ ಮಾಡಿ. ಆದರೆ ಅದು ಮುಗಿದ ಕೂಡಲೇ ಕಾರು ಹತ್ತಿ ಹೊರಟರೆ ಬಂದ ಕೆಲಸ ಅರ್ಧವೂ ಆಗಿರುವುದಿಲ್ಲ. ಕಾಲೇಜು ನಿಮಗಾಗಿ ಹೊಂದಿಸಿಕೊಡದ ಮುಂದಿನ ಎರಡು ಮೂರು ಗಂಟೆಗಳಲ್ಲೇ ತೀರ್ಮಾನಕ್ಕೆ ಬೇಕಾದದ್ದು ಸಿಗುವುದು.

ನೋಂದಣಿಯಲ್ಲೇ ಒಂದು ತಪ್ಪು ಪದೇ ಪದೇ ಆಗುತ್ತದೆ. ಅಪ್ಪ ಅಥವಾ ಅಮ್ಮ ತಮ್ಮ ಹೆಸರು, ತಮ್ಮ ಇಮೇಲ್ ಹಾಕಿ ಟೂರ್ ಬುಕ್ ಮಾಡಿಬಿಡುತ್ತಾರೆ. ಕೆಲವು ಕಾಲೇಜುಗಳು ಅರ್ಜಿ ನೋಡುವಾಗ ವಿದ್ಯಾರ್ಥಿ ಎಷ್ಟು ಆಸಕ್ತಿ ತೋರಿಸಿದ್ದಾನೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅಂಥ ಕಡೆ ನಿಮ್ಮ ಭೇಟಿ ಮಗುವಿನ ಖಾತೆಗೆ ಸೇರಬೇಕಾದರೆ ಮಗುವಿನ ಹೆಸರಿನಲ್ಲಿ, ಮುಂದೆ ಅರ್ಜಿ ಹಾಕಲು ಬಳಸುವ ಅದೇ ಇಮೇಲ್‌ನಿಂದ ನೋಂದಾಯಿಸಬೇಕು. ಹೋದ ದಿನ ಸ್ವಾಗತದ ಮೇಜಿನಲ್ಲಿ ಹಾಜರಿಯನ್ನೂ ಹಾಕಿಸಬೇಕು. ಯಾವ ಕಾಲೇಜು ಇದನ್ನು ಗಣಿಸುತ್ತದೆ ಎಂದು ಊಹಿಸುತ್ತ ಕೂರಬೇಕಿಲ್ಲ. ಅನೇಕ ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ಅಂಕಿಅಂಶಗಳ ವರದಿಯಲ್ಲಿ ಸಿ7 ಎಂಬ ಪಟ್ಟಿ ಇರುತ್ತದೆ. ಅಲ್ಲಿ 'ಅರ್ಜಿದಾರರ ಆಸಕ್ತಿ' ಎಂಬ ಸಾಲಿನ ಎದುರು ಅದು ಬಹಳ ಮುಖ್ಯವೋ, ಮುಖ್ಯವೋ, ಪರಿಗಣಿಸುತ್ತಾರೋ, ಇಲ್ಲವೋ ಎಂದು ಗುರುತು ಹಾಕಿರುತ್ತಾರೆ. ಪರಿಗಣಿಸುವುದಿಲ್ಲ ಎಂದಿದ್ದರೆ, ಬರೀ ಮುಖ ತೋರಿಸಿ ಬರಲೆಂದು ಸಾವಿರ ಮೈಲಿ ಹೋಗುವ ಅಗತ್ಯವಿಲ್ಲ.

ಹೊರಡುವ ಮುಂಚೆ ಇನ್ನೊಂದು ಕೆಲಸ ಬಾಕಿ. 2011ರ ಕೊನೆಯಿಂದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಲೇಬೇಕೆಂಬ ನಿಯಮವಿದೆ. ಆದಾಯ, ಉಳಿತಾಯದ ವಿವರ ತುಂಬಿದರೆ, ನೆರವು ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗಬಹುದೆಂಬ ಅಂದಾಜು ಸಿಗುತ್ತದೆ. ಇದನ್ನು ಮಾಡದೆ ಹೋಗಿ, ಮಗುವಿಗೆ ಆ ಜಾಗ ಮನಸ್ಸಿಗೆ ಹತ್ತಿದ ಮೇಲೆ 'ನಮ್ಮ ಕೈಲಾಗುವುದಿಲ್ಲ' ಎನ್ನುವುದು ತುಂಬ ನೋವಿನ ವಿಷಯ. ಎಚ್-1ಬಿ ಉದ್ಯೋಗ ವೀಸಾ ಮೇಲಿರುವ ಕುಟುಂಬಗಳು ಒಂದು ಮಾತು ನೆನಪಿಡಬೇಕು: ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ಆ ನೆರವನ್ನು ಸೇರಿಸಿಯೇ ಲೆಕ್ಕ ಹಾಕುವುದರಿಂದ, ಅದು ತೋರಿಸುವ ಮೊತ್ತ ನಿಮ್ಮ ಪಾಲಿಗೆ ಸರಿಯಾಗಿರಲಾರದು. ರಾಜ್ಯದ ಯೂನಿವರ್ಸಿಟಿಗಳಲ್ಲಿ ಎಚ್-4 ಮಕ್ಕಳಿಗೆ ಸ್ಥಳೀಯರ ಶುಲ್ಕ ಅನ್ವಯಿಸುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದನ್ನು ಟೂರ್ ಗೈಡನ್ನು ಕೇಳಬೇಡಿ, ಆ ಯೂನಿವರ್ಸಿಟಿಯಲ್ಲಿ ರೆಸಿಡೆನ್ಸಿ ನಿರ್ಧರಿಸುವ ಅಧಿಕಾರಿಯನ್ನೇ ಕೇಳಿ.

ಇನ್ನು ಇನ್ಫರ್ಮೇಶನ್ ಸೆಷನ್. ಸೆಷನ್, ಟೂರ್, ಆಮೇಲಿನ ಗಂಟೆಗಳು ಎಂಬ ಮೂರು ಭಾಗಗಳಲ್ಲಿ ಇದೇ ಸಪ್ಪೆ. ಸ್ಲೈಡುಗಳಲ್ಲಿ ಬರುವುದರಲ್ಲಿ ಹೆಚ್ಚಿನದು ವೆಬ್‌ಸೈಟಿನಲ್ಲಿ ಇದ್ದೇ ಇರುತ್ತದೆ. ಆನ್‌ಲೈನ್ ಸೆಷನ್ ಈಗಾಗಲೇ ನೋಡಿದ್ದರೆ ಇದನ್ನು ಬಿಟ್ಟು ನೇರ ಟೂರ್‌ಗೆ ಹೋದರೂ ನಷ್ಟವಿಲ್ಲ. ಕೂತರೆ ಮಾತ್ರ ಅಂಕಿಗಳನ್ನು ಕಿವಿಗೊಟ್ಟು ಕೇಳಿ. 'ನಮ್ಮ ತರಗತಿಗಳಲ್ಲಿ 90 ಶೇಕಡ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳವು' ಎಂದರು ಎನ್ನಿ. ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ. ಹತ್ತು ತರಗತಿಗಳಿವೆ, ಒಂಬತ್ತರಲ್ಲಿ ತಲಾ 10 ಜನ, ಹತ್ತನೆಯದರಲ್ಲಿ 300. ಅವರು ಹೇಳಿದ್ದು ನಿಜವೇ, ಹತ್ತರಲ್ಲಿ ಒಂಬತ್ತು ಸಣ್ಣವು. ಸರಾಸರಿ ತೆಗೆದರೆ ತರಗತಿಗೆ 39 ಜನ ಬರುತ್ತದೆ. ಆದರೆ ಒಟ್ಟು 390 ಸೀಟುಗಳಲ್ಲಿ 300 ಇರುವುದು ಆ ಒಂದೇ ದೊಡ್ಡ ಹಾಲ್‌ನಲ್ಲಿ. ಅಂದರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸೀಟುಗಳು 300 ಜನರ ಗುಂಪಿನಲ್ಲೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: 'ನನ್ನ ಮೇಜರ್‌ನಲ್ಲಿ (ಪದವಿಯ ಮುಖ್ಯ ವಿಷಯದಲ್ಲಿ) ಮೊದಲ ವರ್ಷ ತೆಗೆದುಕೊಳ್ಳಬೇಕಾದ ನಾಲ್ಕು ಕೋರ್ಸುಗಳಲ್ಲಿ ಒಂದೊಂದರಲ್ಲೂ ಎಷ್ಟು ಜನ ಇರುತ್ತಾರೆ? ಹೋಮ್‌ವರ್ಕ್ ತಿದ್ದುವವರು ಪ್ರೊಫೆಸರೋ, ಸಹಾಯಕರೋ?' ಉತ್ತರ ಸಿಗದಿದ್ದರೆ ಕಾಮನ್ ಡೇಟಾ ಸೆಟ್‌ನ ಐ-3 ಭಾಗದಲ್ಲಿ ತರಗತಿ ಗಾತ್ರದ ಪಟ್ಟಿ ಇದೆ. 50-99 ಮತ್ತು 100ಕ್ಕೂ ಮೇಲೆ ಎಂಬ ಕೊನೆಯ ಎರಡು ಕಲಮುಗಳನ್ನು ನೋಡಿ.

ಪದವಿ ಮುಗಿಸುವವರ ಶೇಕಡಾವಾರಿನಲ್ಲೂ ಇಂಥದ್ದೇ ತೊಡಕು. ಸರ್ಕಾರಕ್ಕೆ ವರದಿ ಮಾಡುವ ಮುಖ್ಯ ಪ್ರಮಾಣ ನಾಲ್ಕು ವರ್ಷದ್ದಲ್ಲ, ಆರು ವರ್ಷದ್ದು. ನಿಗದಿತ ಅವಧಿಯ ಒಂದೂವರೆ ಪಟ್ಟು ಸಮಯ ಕೊಟ್ಟು ಎಣಿಸುತ್ತಾರೆ. ಐದನೆಯ ವರ್ಷದ ಶುಲ್ಕ ಕಟ್ಟುವವರು ನೀವು, ಆದ್ದರಿಂದ ನಾಲ್ಕು ವರ್ಷದ ಅಂಕಿಯನ್ನೇ ಕೇಳಿ. ಕೆಲಸ ಸಿಕ್ಕವರ ಲೆಕ್ಕ ಕೊಟ್ಟರೆ, ಅದಕ್ಕೆ ಉತ್ತರ ಕೊಟ್ಟವರು ಒಟ್ಟು ಪದವೀಧರರಲ್ಲಿ ಎಷ್ಟು ಪಾಲು ಎಂದು ಕೇಳಿ. ಅರ್ಧದಷ್ಟು ಮಂದಿಯ ಮಾಹಿತಿಯಷ್ಟೇ ಇದ್ದು '95 ಶೇಕಡ ಯಶಸ್ಸು' ಎಂದರೆ ಆ ಅಂಕಿಯಿಂದ ಹೆಚ್ಚೇನೂ ತಿಳಿಯದು.

ಟೂರ್ ಮಾತ್ರ ಚೆನ್ನಾಗಿದೆ, ಅದಕ್ಕೆ ಕಾರಣ ಗೈಡ್. ಎರಡನೆಯ ಅಥವಾ ಮೂರನೆಯ ವರ್ಷದ ಹುಡುಗನೋ ಹುಡುಗಿಯೋ, ತಾನು ದಿನಾ ಓಡಾಡುವ ದಾರಿಯಲ್ಲೇ ನಿಮ್ಮನ್ನು ಕರೆದೊಯ್ಯುತ್ತಾರೆ. ಅಡ್ಮಿಶನ್ ಸಿಗುತ್ತದೆಯೇ, ಎಷ್ಟು ಅಂಕ ಬೇಕು ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ, ಅದು ಅವರ ಕೈಯಲ್ಲಿಲ್ಲ. ಅವರಿಗೆ ಗೊತ್ತಿರುವುದನ್ನು ಕೇಳಿ: ಕಳೆದ ಮಂಗಳವಾರ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ? ಬೇಕೆಂದ ಕೋರ್ಸ್ ಎಷ್ಟು ಬಾರಿ ತುಂಬಿಹೋಗಿ ಸಿಗಲಿಲ್ಲ? ಶನಿವಾರ ಮಧ್ಯಾಹ್ನ ಕ್ಯಾಂಪಸ್‌ನಲ್ಲಿ ಎಷ್ಟು ಜನ ಉಳಿಯುತ್ತಾರೆ? ದಿನಚರಿಯ ಬಗ್ಗೆ ಕೇಳಿದರೆ ಉರು ಹೊಡೆದ ಉತ್ತರ ಬರುವುದಿಲ್ಲ.

ಟೂರ್‌ನಲ್ಲಿ ಕೆಡುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ಅಪ್ಪ ಅಮ್ಮ ಮುಂದೆ ನಿಂತು ಒಂದರ ಹಿಂದೊಂದು ಪ್ರಶ್ನೆ ಹಾಕುತ್ತಾರೆ, ಮಗು ಗುಂಪಿನ ಹಿಂದಕ್ಕೆ ಸರಿದು ಫೋನ್ ತೆಗೆಯುತ್ತದೆ. ಟೂರ್‌ನಲ್ಲಿ ಪ್ರಶ್ನೆ ಕೇಳುವ ಹಕ್ಕು ಮಗುವಿಗೆ ಮಾತ್ರ ಎಂದು ಮನೆಯಲ್ಲೇ ಒಪ್ಪಂದ ಮಾಡಿಕೊಳ್ಳಿ. ದೊಡ್ಡವರ ಪ್ರಶ್ನೆಗಳಿಗೆ ಆಮೇಲೆ ಬೇರೆ ಜಾಗವಿದೆ. ತಂಗಿ ತಮ್ಮಂದಿರು ಬಂದಿದ್ದರೆ ಒಬ್ಬ ದೊಡ್ಡವರು ಅವರ ಜೊತೆ ಉಳಿಯಲಿ, ಒಂದೂವರೆ ಗಂಟೆ ನಡಿಗೆ ಸಣ್ಣ ಮಕ್ಕಳಿಗೆ ಹೆಚ್ಚು. ಅಜ್ಜಿ ತಾತ ಜೊತೆಗಿದ್ದರೆ ಗಾಲ್ಫ್ ಕಾರ್ಟ್ ಬೇಕೆಂದು ಬುಕ್ ಮಾಡುವಾಗಲೇ ಬರೆಯಿರಿ, ಅನೇಕ ಕಡೆ ಒದಗಿಸುತ್ತಾರೆ. ಪಾರ್ಕಿಂಗ್ ಕಟ್ಟಡ ಸ್ವಾಗತದ ಆಫೀಸಿನಿಂದ ಕಾಲು ಗಂಟೆ ದೂರವಿರಬಹುದು, ಅರ್ಧ ಗಂಟೆ ಮೊದಲೇ ತಲುಪಿ.

ತೋರಿಸುವ ಡಾರ್ಮ್ (ಹಾಸ್ಟೆಲ್) ಕೋಣೆಯನ್ನು ನಂಬಿ ತೀರ್ಮಾನಿಸಬೇಡಿ. ಅದು ಸಾಮಾನ್ಯವಾಗಿ ಪ್ರದರ್ಶನಕ್ಕೆಂದು ಜೋಡಿಸಿಟ್ಟ ಕೋಣೆ. ಮೊದಲ ವರ್ಷದವರು ಇಂಥದ್ದರಲ್ಲೇ ಇರುತ್ತಾರೆಯೇ, ಎಷ್ಟು ಜನ ಹಂಚಿಕೊಳ್ಳುತ್ತಾರೆ, ಏರ್ ಕಂಡೀಶನಿಂಗ್ ಇದೆಯೇ, ಎರಡನೆಯ ವರ್ಷಕ್ಕೂ ಹಾಸ್ಟೆಲ್ ಖಾತ್ರಿಯೇ ಎಂದು ಕೇಳಿ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದುಬಾರಿ: ಖಾತ್ರಿ ಇಲ್ಲದ ಕಡೆ ಮೊದಲ ವರ್ಷ ಮುಗಿಯುವ ಮೊದಲೇ ಮಕ್ಕಳು ಹೊರಗೆ ಮನೆ ಹುಡುಕಿ ಬಾಡಿಗೆ ಕರಾರಿಗೆ ಸಹಿ ಹಾಕಬೇಕಾಗುತ್ತದೆ. ಹಾಸಿಗೆಯ ಅಳತೆಯನ್ನೂ ಕೇಳಿಟ್ಟುಕೊಳ್ಳಿ. ಬಹಳಷ್ಟು ಡಾರ್ಮ್‌ಗಳಲ್ಲಿ ಇರುವುದು 80 ಇಂಚು ಉದ್ದದ ಟ್ವಿನ್ ಎಕ್ಸ್‌ಎಲ್; 75 ಇಂಚಿನ ಸಾಮಾನ್ಯ ಟ್ವಿನ್ ಹಾಸಿಗೆಯ ಫಿಟೆಡ್ ಶೀಟ್ ಅದಕ್ಕೆ ಎಟುಕುವುದಿಲ್ಲ.

ಟೂರ್ ಮುಗಿಯಿತು, ಮಧ್ಯಾಹ್ನ ಹನ್ನೆರಡು. ಹೊರಗೆ ಊಟಕ್ಕೆ ಹೋಗದೆ ವಿದ್ಯಾರ್ಥಿಗಳ ಡೈನಿಂಗ್ ಹಾಲ್‌ನಲ್ಲೇ ಉಣ್ಣಿ; ಸಂದರ್ಶಕರು ದುಡ್ಡು ಕೊಟ್ಟು ಉಣ್ಣಬಹುದು, ಕೆಲವು ಕಡೆ ಅಡ್ಮಿಶನ್ ಆಫೀಸೇ ಕೂಪನ್ ಕೊಡುತ್ತದೆ. ಸಸ್ಯಾಹಾರಿಗಳು ಸಲಾಡ್ ಕೌಂಟರ್ ನೋಡಿ ಸಮಾಧಾನಪಡಬೇಡಿ. ಬಿಸಿಯಾಗಿ ಬೇಳೆ, ಕಾಳು, ಪನೀರ್, ತೋಫು ಏನಾದರೂ ದಿನಾ ಇರುತ್ತದೆಯೇ? ಸೂಪ್‌ಗೆ ಕೋಳಿಯ ಸ್ಟಾಕ್ ಹಾಕುತ್ತಾರೆಯೇ? ಭಾನುವಾರ ರಾತ್ರಿ ಎಷ್ಟು ಕೌಂಟರ್ ತೆರೆದಿರುತ್ತವೆ? ಮೊದಲ ವರ್ಷದವರಿಗೆ ಮೀಲ್ ಪ್ಲಾನ್ ಕಡ್ಡಾಯವಾಗಿರುವುದು ಸಾಮಾನ್ಯ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ಊಟವಾದ ಮೇಲೆ ಬೇರೆ ಬೇರೆ ಹೋಗಿ. ಈ ಇಡೀ ಬರಹದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಒಂದೂವರೆ ಗಂಟೆ ಮಗು ಒಂದು ಕಡೆ, ದೊಡ್ಡವರು ಇನ್ನೊಂದು ಕಡೆ.

ಮಗು ಹೋಗಬೇಕಾದದ್ದು ತನ್ನ ವಿಭಾಗಕ್ಕೆ. ಎರಡು ವಾರ ಮೊದಲೇ ವಿಭಾಗದ ಆಫೀಸಿಗೆ ಇಮೇಲ್ ಬರೆದು, ತರಗತಿಯಲ್ಲಿ ಕೂರಬಹುದೇ, ಸಲಹೆಗಾರರೊಬ್ಬರ ಜೊತೆ 20 ನಿಮಿಷ ಮಾತಾಡಬಹುದೇ ಎಂದು ಮಗುವೇ ಕೇಳಲಿ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ನರ್ಸಿಂಗ್ ಬಯಸುವವರು ಬಾಯಿಬಿಟ್ಟು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಮೇಜರ್‌ಗೆ ಪ್ರವೇಶ ನೇರವೋ, ಅಥವಾ ಕಾಲೇಜು ಸೇರಿದ ಮೇಲೆ ಮತ್ತೆ ಅರ್ಜಿ ಹಾಕಬೇಕೋ? ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ಇದಕ್ಕೆ ಬದಲಾಯಿಸಲು ಬರುತ್ತದೆಯೇ? ಕೆಲವು ದೊಡ್ಡ ಯೂನಿವರ್ಸಿಟಿಗಳಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ, ಟೂರ್‌ನಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ. ಹೊರಬರುವಾಗ ಕಾರಿಡಾರಿನ ನೋಟಿಸ್ ಬೋರ್ಡ್ ಓದಲಿ. ಮೊದಲ ಎರಡು ವರ್ಷದವರನ್ನು ಸಂಶೋಧನಾ ಕೆಲಸಕ್ಕೆ ಕರೆಯುವ ಚೀಟಿಗಳು, ಟ್ಯೂಟರಿಂಗ್ ವೇಳಾಪಟ್ಟಿ, ಅವುಗಳ ಮೇಲಿನ ತಾರೀಖು. ಹೊಸ ತಾರೀಖುಗಳಿದ್ದರೆ ಆ ವಿಭಾಗ ಜೀವಂತವಾಗಿದೆ ಎಂದು ತಿಳಿಯಬಹುದು.

ದೊಡ್ಡವರಿಗೆ ಎರಡು ಆಫೀಸು. ಒಂದು ಫೈನಾನ್ಶಿಯಲ್ ಏಡ್, ಅಂದರೆ ಹಣಕಾಸಿನ ನೆರವಿನ ಆಫೀಸು. ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ಮೆರಿಟ್ ಸ್ಕಾಲರ್‌ಶಿಪ್ ನಾಲ್ಕು ವರ್ಷವೂ ಮುಂದುವರಿಯಲು ಎಷ್ಟು ಜಿಪಿಎ ಬೇಕು, ಹೊರಗಿನ ಸ್ಕಾಲರ್‌ಶಿಪ್ ತಂದರೆ ಕಾಲೇಜಿನ ನೆರವು ಅಷ್ಟೇ ಕಡಿತವಾಗುತ್ತದೆಯೇ ಎಂದು ಕೇಳಿ. ಮನೆಯಲ್ಲಿ ಇಬ್ಬರು ಒಟ್ಟಿಗೆ ಕಾಲೇಜಿನಲ್ಲಿದ್ದರೆ ರಿಯಾಯಿತಿ ಉಂಟೇ ಎಂಬುದನ್ನೂ ಕೇಳಬೇಕು, ಏಕೆಂದರೆ 2024-25ರಿಂದ ಫಾಫ್ಸಾ ಎಂಬ ಕೇಂದ್ರ ಸರ್ಕಾರದ ನೆರವಿನ ಅರ್ಜಿಯ ಲೆಕ್ಕದಲ್ಲಿ ಇಬ್ಬರಿದ್ದಾರೆಂಬ ಕಾರಣಕ್ಕೆ ನಿಮ್ಮ ಪಾಲು ಇಳಿಯುವುದಿಲ್ಲ. ಕೆಲವು ಕಾಲೇಜುಗಳು ಮಾತ್ರ ತಮ್ಮ ಸ್ವಂತ ಹಣ ಹಂಚುವಾಗ ಇದನ್ನು ಗಮನಿಸುತ್ತವೆ.

ಎರಡನೆಯದು ಕ್ಯಾಂಪಸ್ ಪೊಲೀಸ್ ಆಫೀಸು. ಅಲ್ಲಿಗೆ ಹೋಗುವವರು ಅಪರೂಪ, ಆದರೆ ಹೋಗಲೇಬೇಕಾದ ಜಾಗ. 1990ರ ಕ್ಯಾಂಪಸ್ ಸುರಕ್ಷತಾ ಕಾಯ್ದೆಗೆ ಈಗ ಜೀನ್ ಕ್ಲೆರಿಯ ಹೆಸರಿದೆ. ಆಕೆ 1986ರಲ್ಲಿ ಲೀಹೈ ಯೂನಿವರ್ಸಿಟಿಯ ತನ್ನ ಡಾರ್ಮ್ ಕೋಣೆಯಲ್ಲೇ ಕೊಲೆಯಾದ ವಿದ್ಯಾರ್ಥಿನಿ. ಈ ಕಾಯ್ದೆಯಂತೆ ಕಾಲೇಜುಗಳು ಪ್ರತಿವರ್ಷ ಅಕ್ಟೋಬರ್ 1ರೊಳಗೆ ಮೂರು ವರ್ಷದ ಅಪರಾಧಗಳ ಅಂಕಿಅಂಶ ಪ್ರಕಟಿಸಬೇಕು. ಕ್ಯಾಂಪಸ್‌ಗೆ ತನ್ನದೇ ಪೊಲೀಸ್ ಅಥವಾ ಭದ್ರತಾ ವಿಭಾಗವಿದ್ದರೆ ದಿನವಹಿ ಕ್ರೈಮ್ ಲಾಗ್ ಕೂಡ ಇಡಬೇಕು. ಅದರಲ್ಲಿ ಕಳೆದ 60 ದಿನಗಳದ್ದನ್ನು ಕೆಲಸದ ವೇಳೆಯಲ್ಲಿ ಯಾರು ಕೇಳಿದರೂ ತೋರಿಸಬೇಕು, ಹಳೆಯದನ್ನು ಕೇಳಿದ ಎರಡು ಕೆಲಸದ ದಿನಗಳಲ್ಲಿ ಒದಗಿಸಬೇಕು. ಲಾಗ್‌ನಲ್ಲಿ ಸ್ಥಳ ಮತ್ತು ಸಮಯದ ಕಲಮು ಓದಿ: ಲೈಬ್ರರಿಯಿಂದ ಡಾರ್ಮ್‌ಗೆ ರಾತ್ರಿ ಬರುವ ದಾರಿಯಲ್ಲಿ ಏನಾಗಿದೆ, ಸೈಕಲ್ ಕಳವೇ ಹೆಚ್ಚೋ, ಬೇರೆಯದೋ. ಲೈಂಗಿಕ ದೌರ್ಜನ್ಯದ ದೂರು ಸೊನ್ನೆ ಎಂದಿದ್ದರೆ ಸುರಕ್ಷಿತ ಎಂದುಕೊಳ್ಳಬೇಡಿ. ದೂರು ಕೊಡಲು ಮಕ್ಕಳಿಗೆ ಧೈರ್ಯವಿಲ್ಲ ಎಂಬ ಅರ್ಥವೂ ಅದಕ್ಕಿರಬಹುದು.

ಸಮಯ ಉಳಿದರೆ ಕೌನ್ಸೆಲಿಂಗ್ ಸೆಂಟರಿನಲ್ಲಿ ಮೊದಲ ಭೇಟಿಗೆ ಎಷ್ಟು ದಿನ ಕಾಯಬೇಕೆಂದು ಕೇಳಿ. ಜೊತೆಗೆ ಫರ್ಪಾ ಎಂಬ 1974ರ ಕಾಯ್ದೆಯನ್ನೂ ತಿಳಿದಿರಿ. ಮಗು ಕಾಲೇಜು ಸೇರಿದ ದಿನದಿಂದ ಅಂಕಪಟ್ಟಿಯ ಮೇಲಿನ ಹಕ್ಕು ಮಗುವಿನದು. ಶುಲ್ಕ ಕಟ್ಟುವವರು ನೀವೇ ಆದರೂ ಮಗು ಒಪ್ಪಿ ಸಹಿ ಹಾಕದಿದ್ದರೆ ಗ್ರೇಡ್ ತೋರಿಸಲು ಕಾಲೇಜು ನಿರಾಕರಿಸಬಹುದು. ಇದನ್ನು ಮೊದಲ ಸೆಮಿಸ್ಟರ್ ಮುಗಿದ ಮೇಲೆ ಫೋನಿನಲ್ಲಿ ಜಗಳವಾಡಿ ತಿಳಿಯುವುದಕ್ಕಿಂತ ಈಗಲೇ ಮಗುವಿನ ಜೊತೆ ಮಾತಾಡಿಕೊಳ್ಳುವುದು ಲೇಸು.

ವಾಪಸು ಕಾರಿನಲ್ಲಿ ಮೊದಲ ಹದಿನೈದು ನಿಮಿಷ ದೊಡ್ಡವರು ಮಾತಾಡಬಾರದು. ಮಗು ತನಗನಿಸಿದ್ದನ್ನು ಬರೆದುಕೊಳ್ಳಲಿ. ಅಪ್ಪ 'ಚೆನ್ನಾಗಿದೆ ಅಲ್ವಾ' ಎಂದುಬಿಟ್ಟರೆ ಮಗುವಿನ ನಿಜವಾದ ಅನಿಸಿಕೆ ಅಲ್ಲಿಗೇ ನಿಂತುಹೋಗುತ್ತದೆ. ಪ್ರತಿ ಕಾಲೇಜಿನಲ್ಲೂ ಮೊದಲ ಫೋಟೋ ಅದರ ಹೆಸರಿನ ಫಲಕದ್ದೇ ಆಗಿರಲಿ. ನಾಲ್ಕನೆಯ ಕಾಲೇಜಿನ ಹೊತ್ತಿಗೆ ಎಲ್ಲ ಇಟ್ಟಿಗೆ ಕಟ್ಟಡಗಳೂ ಒಂದೇ ಥರ ಕಾಣುತ್ತವೆ. ದಿನಕ್ಕೆ ಒಂದೇ ಕಾಲೇಜು ಸರಿ, ಹತ್ತಿರವಿದ್ದರೆ ಎರಡು. ಮೂರು ಇಟ್ಟುಕೊಂಡರೆ ಮೂರೂ ಕೆಡುತ್ತವೆ.

ಯಾವಾಗ ಹೋಗಬೇಕು? ತರಗತಿ ನಡೆಯುತ್ತಿರುವ ವಾರದ ದಿನ, ಸೋಮವಾರದಿಂದ ಗುರುವಾರದೊಳಗೆ. ಜುಲೈಯಲ್ಲಿ ರಜೆ ಸಿಗುತ್ತದೆಂದು ಹೋದರೆ ಕಟ್ಟಡಗಳು ಕಾಣುತ್ತವೆ, ವಿದ್ಯಾರ್ಥಿಗಳು ಕಾಣುವುದಿಲ್ಲ. ಪರೀಕ್ಷೆಯ ವಾರವೂ ಬೇಡ. ಕಾಲೇಜುಗಳ ಪಟ್ಟಿಯನ್ನು ಇಪ್ಪತ್ತರಿಂದ ಆರಕ್ಕೆ ಇಳಿಸಲು ವರ್ಚುವಲ್ ಟೂರ್ ಸಾಕು, ತೀರ್ಮಾನಕ್ಕೆ ಸಾಲದು. ಬಸ್ಸಿನಲ್ಲಿ ಹತ್ತು ಕಾಲೇಜು ತೋರಿಸುವ ಖಾಸಗಿ ಪ್ಯಾಕೇಜುಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಅವು ತೋರಿಸುವುದು ಕಾಲೇಜೇ ಪುಕ್ಕಟೆ ತೋರಿಸುವ ಭಾಗವನ್ನು, ಬೇರೆ ಬೇರೆ ಹೋಗುವ ಆ ಒಂದೂವರೆ ಗಂಟೆ ಅದರಲ್ಲಿ ಸಿಗುವುದೇ ಇಲ್ಲ.

ದೂರದಿಂದ ಬರುವವರು, ಒಂದೇ ಸಲ ಹೋಗಿಬರಲು ಶಕ್ತಿಯಿರುವವರು, ಅರ್ಜಿ ಹಾಕುವ ಮೊದಲು ಹೋಗಬೇಡಿ. ಸೀಟು ಸಿಕ್ಕ ಮೇಲೆ ಏಪ್ರಿಲ್‌ನಲ್ಲಿ ಹೋಗಿ. ಹೆಚ್ಚಿನ ಕಾಲೇಜುಗಳಿಗೆ ಉತ್ತರ ಕೊಡಲು ಮೇ 1ರವರೆಗೆ ಕಾಲಾವಕಾಶವಿರುತ್ತದೆ. ಆಯ್ಕೆಯಾದವರಿಗೆಂದು ಆಗ ವಿಶೇಷ ದಿನ ಏರ್ಪಡಿಸುತ್ತಾರೆ, ಅಂದು ಕ್ಯಾಂಪಸ್ ಹಬ್ಬದ ಮನೆಯಂತಿರುತ್ತದೆ. ಅದಕ್ಕೆ ಒಂದು ದಿನ ಮೊದಲೇ ತಲುಪಿ, ಸಾಮಾನ್ಯ ದಿನದ ಕ್ಯಾಂಪಸ್ ನೋಡಿ, ಬಂದಿರುವ ಎಲ್ಲ ಕಾಲೇಜುಗಳ ನೆರವಿನ ಪತ್ರಗಳ ಪ್ರಿಂಟ್ ಹಿಡಿದು ಫೈನಾನ್ಶಿಯಲ್ ಏಡ್ ಆಫೀಸಿಗೆ ಹೋಗಿ. ಹಬ್ಬದ ದಿನ ಆ ಆಫೀಸಿನ ಮುಂದೆ ಉದ್ದ ಸಾಲಿರುತ್ತದೆ.