ಆಡಿನ ಕಣ್ಣು, ಕೃತಕ ಕಣ್ಣು, ಸಿಮ್ಯುಲೇಟರ್: ಪೊರೆ ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆ ಯಾವುದು?

ಕಣ್ಣಿನ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ರೋಗಿಯ ಮೇಲೆ ಮಾಡುವ ಮೊದಲು ಕೈ ಪಳಗಿಸಿಕೊಳ್ಳಲು ನಮ್ಮಂಥ ಪಿಜಿ ವಿದ್ಯಾರ್ಥಿಗಳು ಆಡಿನ ಕಣ್ಣು, ಅಭ್ಯಾಸಕ್ಕೆಂದೇ ಮಾಡಿದ ಕೃತಕ ಕಣ್ಣು ಮತ್ತು ಶಸ್ತ್ರಚಿಕಿತ್ಸೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಟರ್‌ಗಳನ್ನು ಬಳಸುತ್ತೇವೆ. ಮೂರನ್ನೂ ಬಳಸಿ, ಸ್ವಂತ ದುಡ್ಡಿನಲ್ಲಿ ಕೃತಕ ಕಣ್ಣಿನ ಕಿಟ್ಟನ್ನೂ ಕೊಂಡು ನೋಡಿದ ಮೇಲೆ ನನ್ನ ಒಲವು ಕಾಸರಗೋಡು ಜಿಲ್ಲೆಯ ನಮ್ಮೂರು ಉಪ್ಪಳದ ಮಾಂಸದಂಗಡಿಯಲ್ಲಿ ಸಿಗುವ ಆಡಿನ ಕಣ್ಣಿಗೇ.

ಕಾರಣ ಟನಲ್. ಸಣ್ಣ ಸೀಳಿನ ಮೂಲಕ ಕೈಯಿಂದಲೇ ಪೊರೆ ತೆಗೆಯುವ ಎಸ್‌ಐಸಿಎಸ್ ವಿಧಾನದಲ್ಲಿ ಸ್ಕ್ಲೀರಾದಿಂದ (ಕಣ್ಣಿನ ಬಿಳಿಭಾಗ) ಕಾರ್ನಿಯಾದೊಳಕ್ಕೆ (ಮುಂದಿನ ಪಾರದರ್ಶಕ ಪದರ) ಆರೇಳು ಮಿಲಿಮೀಟರ್ ಅಗಲದ ಸುರಂಗವನ್ನು ದುಂಡು ತುದಿಯ ಕ್ರೆಸೆಂಟ್ ಬ್ಲೇಡಿನಿಂದ ಕೊರೆಯಬೇಕು. ಆಳ ಸ್ಕ್ಲೀರಾದ ಅರ್ಧ ದಪ್ಪದಷ್ಟಿರಬೇಕು. ಬ್ಲೇಡ್ ತೀರ ಸ್ಪಷ್ಟವಾಗಿ ಕಂಡರೆ ಸುರಂಗದ ಮೇಲ್ಪದರ ತೂತಾಗುತ್ತದೆ, ಕಾಣದೇ ಹೋದರೆ ಬೇಗನೆ ಕಣ್ಣಿನೊಳಗೆ ನುಗ್ಗುತ್ತದೆ. ಮಸುಕಾಗಿ ಕಾಣುವ ಆ ಹದ ಆಡಿನ ಕಣ್ಣಿನಲ್ಲಿ ಸಿಗುತ್ತದೆ. ನಾನು ಕೊಂಡ ಕಿಟ್ಟಿನಲ್ಲಿ ಸ್ಕ್ಲೀರಾ ರಬ್ಬರಿನಂತೆ ಬ್ಲೇಡನ್ನು ಹಿಡಿದೆಳೆಯುತ್ತಿತ್ತು.

ಆದರೆ ಆಡಿನ ಕಣ್ಣಿನದೊಂದು ಕಿರಿಕಿರಿಯಿದೆ, ಅದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಿ ಆಡಿನ ತಲೆಯನ್ನು ಮಾರುವ ಮುನ್ನ ಕೂದಲು ಹೋಗಲೆಂದು ಬೆಂಕಿಯಲ್ಲಿ ಸುಡುತ್ತಾರೆ. ಸುಟ್ಟ ತಲೆಯಿಂದ ತೆಗೆದ ಕಣ್ಣಿನ ಕಾರ್ನಿಯಾ ಬೆಂದ ಮೊಟ್ಟೆಯ ಬಿಳಿಯಂತಾಗಿ, ಮೈಕ್ರೋಸ್ಕೋಪಿನಡಿ ಒಳಗಿನದೇನೂ ಕಾಣುವುದಿಲ್ಲ. “ಸುಡುವ ಮೊದಲೇ ಬೇಕಾದರೆ ಬೆಳಕು ಹರಿಯುವಾಗಲೇ ಬನ್ನಿ ಡಾಕ್ಟ್ರೇ” ಎಂದರು ಅಂಗಡಿಯವರು. ಭಾನುವಾರ ಬೆಳಗ್ಗೆ ಅವರಿಗೆ ಕೈಬಿಡುವಿಲ್ಲದ ವ್ಯಾಪಾರ. ಅವಸರದಲ್ಲಿ ಕತ್ತಿಯ ತುದಿ ತಗುಲಿದರೆ ಕಣ್ಣು ಅಲ್ಲೇ ಬಸಿದುಹೋಗುತ್ತದೆ. ಹಾಗಾಗಿ ಗುಡ್ಡೆಯ ಸುತ್ತಲಿನ ಮಾಂಸವನ್ನೂ ನರದ ತುಂಡನ್ನೂ ಉಳಿಸಿಯೇ ಕೀಳುವಂತೆ ಕೇಳಿಕೊಳ್ಳಬೇಕು.

ಮುಂದಿನದು ಮಂಗಳೂರಿನವರೆಗಿನ ರೈಲು ಪ್ರಯಾಣ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಕಾರ್ನಿಯಾ ನೀರು ಕುಡಿದು ಊದಿ ಮಂಜಾಗುತ್ತದೆ. ಹಾಗೇ ಬಿಟ್ಟರೆ ಒಣಗುತ್ತದೆ. ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಐಸ್ ನೇರವಾಗಿ ತಾಗದಂತೆ ಡಬ್ಬಿಯಲ್ಲಿಟ್ಟು ಅದೇ ದಿನ ಬಳಸುವುದೇ ದಾರಿ. (ಮನೆಯ ಫ್ರಿಜ್ಜಿನ ಮಾತೆತ್ತಿದಾಗ ಅಮ್ಮ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ.) ಅಷ್ಟಾಗಿಯೂ ಮಂಜಾದರೆ ಅದರ ಹೊರಪದರವಾದ ಎಪಿಥೀಲಿಯಮ್ಮನ್ನು ಬ್ಲೇಡಿನಿಂದ ಹೆರೆದು ತೆಗೆಯಬಹುದು, ಗುಡ್ಡೆ ಮೆತ್ತಗಾಗಿದ್ದರೆ ನರದ ಕಡೆಯಿಂದ ಸಿರಿಂಜಿನಲ್ಲಿ ಸಲೈನ್ ತುಂಬಿ ಗಟ್ಟಿ ಮಾಡಿಕೊಳ್ಳಬಹುದು.

ಮಸೂರದ ಮುಂಭಾಗದ ತೆಳುಪದರವನ್ನು ದುಂಡಗೆ ಹರಿಯುವ ರೆಕ್ಸಿಸ್ ವಿಷಯದಲ್ಲಿ ಮೂರೂ ಅಪೂರ್ಣ. ಆಡಿನ ಈ ಪದರ (ಕ್ಯಾಪ್ಸೂಲ್) ವಯಸ್ಸಾದ ರೋಗಿಯದಕ್ಕಿಂತ ದಪ್ಪ, ಹೆಚ್ಚು ಹಿಗ್ಗುವಂಥದ್ದು. ಎಳೆದ ಕೂಡಲೇ ಸೀಳು ಮಸೂರದ ಅಂಚಿನತ್ತ ಓಡುತ್ತದೆ. ಅಡ್ಡಸೀಳಿನಂಥ ಅದರ ಪಾಪೆಯೂ ಕೆಲಸಕ್ಕೆ ಅಡ್ಡಿ. ಕೃತಕ ಕಣ್ಣಿನ ಪದರ ಅತಿ ವಿಧೇಯ, ಎಳೆದತ್ತ ಬರುತ್ತದೆ. ಅದನ್ನು ಒಮ್ಮೆ ಹರಿದರೆ ಮತ್ತೊಂದು ಕೊಳ್ಳಬೇಕು. ನನ್ನ ಸ್ಟೈಪೆಂಡಿಗೆ ಅದು ಒಗ್ಗಲಿಲ್ಲ.

ರೆಕ್ಸಿಸ್‌ಗೆ ಸಿಮ್ಯುಲೇಟರೇ ಮೇಲು ಎಂದು ಒಪ್ಪುತ್ತೇನೆ. ಜರ್ಮನಿಯಲ್ಲಿ ರೂಪುಗೊಂಡ ‘ಐಸಿ’ (Eyesi) ಎಂಬ ಸಿಮ್ಯುಲೇಟರಿನಂಥ ಯಂತ್ರ ಕೈನಡುಕವನ್ನೂ ಉಪಕರಣ ಕಾರ್ನಿಯಾಕ್ಕೆ ತಾಗಿದ್ದನ್ನೂ ಬಿಡದೆ ಎಣಿಸಿ ಅಂಕ ಕೊಡುತ್ತದೆ, ಎಷ್ಟು ಸಲ ಕೆಡಿಸಿದರೂ ಖರ್ಚಿಲ್ಲ. ಬ್ರಿಟನ್ನಿನಲ್ಲಿ ಮೊದಲೆರಡು ವರ್ಷದ ತರಬೇತಿ ವೈದ್ಯರ ಕೈಯಲ್ಲಿ ಮಸೂರದ ಹಿಂಪದರ ಹರಿಯುವ ತೊಡಕಿನ ಪ್ರಮಾಣ 2009ರಲ್ಲಿ ಶೇ. 4.2 ಇದ್ದದ್ದು 2015ರಲ್ಲಿ ಶೇ. 2.6ಕ್ಕೆ ಇಳಿಯಿತು; ಅಲ್ಲಿ ಸಿಮ್ಯುಲೇಟರ್ ತರಬೇತಿ ಹರಡಿದ ಕಾಲವೂ ಅದೇ. ಆದರೆ ನನಗೆ ಸಿಗುವ ಯಂತ್ರದ ಸರದಿ ಯಾವಾಗಲೂ ಒಪಿಡಿ ತುಂಬಿರುವ ಹೊತ್ತಿಗೇ ಬರುತ್ತದೆ, ಮತ್ತು ಅದು ಫೇಕೊ (ಅಲ್ಟ್ರಾಸೌಂಡ್ ಕಂಪನದಿಂದ ಮಸೂರವನ್ನು ಒಡೆದು ಹೀರುವ ವಿಧಾನ) ಕಲಿಸುವ ಯಂತ್ರವಾದ್ದರಿಂದ ಸ್ಕ್ಲೀರಾದ ಟನಲ್ ಅದರಲ್ಲಿಲ್ಲ.

ಫೇಕೊ ಕಲಿಯುವವರಿಗೆ ಇನ್ನೊಂದು ಮಾತು: ಆಡಿನ ಮಸೂರ ಮೃದು, ಫಾರ್ಮಲಿನ್ ಚುಚ್ಚಿಯೋ ಮೈಕ್ರೋವೇವ್‌ನಲ್ಲಿಟ್ಟೋ ಗಟ್ಟಿ ಮಾಡದೆ ಅದರ ತಿರುಳಾದ ನ್ಯೂಕ್ಲಿಯಸ್ ಒಡೆಯುವ ಅಭ್ಯಾಸ ಆಗದು.

ವಾರಾಂತ್ಯಕ್ಕೆ ಊರಿಗೆ ಬರುವ, ಬೆಳಗ್ಗೆ ಬೇಗ ಏಳುವ ನನಗೆ ಟನಲ್ ಮತ್ತು ಹೊಲಿಗೆಗೆ ಆಡಿನ ಕಣ್ಣು, ಸರದಿ ಸಿಕ್ಕಾಗ ರೆಕ್ಸಿಸ್‌ಗೆ ಸಿಮ್ಯುಲೇಟರ್ ಸಾಕು. ಮಾಂಸದಂಗಡಿಯ ವಾಸನೆ ತಾಳಲಾರದವರು ಕೃತಕ ಕಣ್ಣು ಕೊಳ್ಳಬಹುದು. ನಾನಾದರೆ ಆ ಹಣದಲ್ಲಿ ಹೊಸ ಕ್ರೆಸೆಂಟ್ ಬ್ಲೇಡ್‌ಗಳನ್ನು ತರುತ್ತೇನೆ. ಆಪರೇಷನ್ ಥಿಯೇಟರಿನಲ್ಲಿ ಬಳಸಿ ಬಿಟ್ಟ ಮೊಂಡು ಬ್ಲೇಡಿನಲ್ಲಿ ಆಳದ ಅಂದಾಜು ಸಿಗುವುದಿಲ್ಲ, ಪ್ರಾಣಿಯ ಕಣ್ಣಿಗೆ ಬಳಸಿದ ಉಪಕರಣವನ್ನು ಥಿಯೇಟರಿಗೆ ಮರಳಿ ಒಯ್ಯುವಂತೆಯೂ ಇಲ್ಲ.