ಹಸಿರು ದೀಪದ ಏರ್ ಪ್ಯೂರಿಫೈಯರ್: ಮೂರು ವಾರ ಬಳಸಿದ ಮೇಲೆ

ಮೂರು ದಿನದ ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದಾಗ ಒಳಗಿನಿಂದ ಎರಡು ಕೆಮ್ಮು ಕೇಳಿಸಿದವು. ಒಂದು ನಾಲ್ಕು ವರ್ಷದ ಮಗನದು, ಗಂಟಲಲ್ಲೇ ಮುಗಿಯುವ ಒಣಕೆಮ್ಮು. ಇನ್ನೊಂದು ಇವರದು, ಎದೆಯ ತಳದಿಂದ ಕಿತ್ತುಕೊಂಡು ಬರುವಂಥದ್ದು. ಹಿಂದಿನ ದಿನ ಪರೀಕ್ಷೆ ಮಾಡಿಸಿದಾಗ ಇಬ್ಬರಿಗೂ ಇನ್‌ಫ್ಲುಯೆನ್ಸ ಎಂದು ಬಂದಿತ್ತು. ನಮಗೆ ಹೋಗಲು ಬೇರೆ ಮನೆ ಇರಲಿಲ್ಲ. ಮಗುವಿಗೆ ಈ ಜ್ವರದ ಲಸಿಕೆ ಆರು ತಿಂಗಳು ತುಂಬುವವರೆಗೆ ಹಾಕುವಂತಿಲ್ಲ. ಗರ್ಭಿಣಿಯಾಗಿದ್ದಾಗ ನಾನು ಹಾಕಿಸಿಕೊಂಡಿದ್ದ ಲಸಿಕೆಯಿಂದ ಅವಳಿಗೆ ಸಿಕ್ಕಿದ್ದಷ್ಟೇ ಆಸರೆ. ಅದಕ್ಕೇ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಈ ಏರ್ ಪ್ಯೂರಿಫೈಯರ್ ಆರ್ಡರ್ ಮಾಡಿದ್ದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಗಾತ್ರದ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ, ಮೇಲಾಗಿ ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಅದು ಬಂದ ಸಂಜೆ ಡಬ್ಬಿ ಒಡೆದು ಪ್ಲಗ್ ಹಾಕಿದವರು ನನ್ನ ಅಮ್ಮ. ದೀಪ ಒಮ್ಮೆ ನೀಲಿಯಾಗಿ, ಒಮ್ಮೆ ಹಳದಿಯಾಗಿ, ಕೊನೆಗೆ ಹಸಿರಾಗಿ ನಿಂತಿತು. ‘ಹಸಿರು ಬಂತು, ಇನ್ನಾದರೂ ಕಣ್ಣು ಮುಚ್ಚು’ ಎಂದರು. ಮುಚ್ಚಿದೆ. ರಾತ್ರಿ ಹಾಲೂಡಿಸಲು ಎದ್ದಾಗಲೆಲ್ಲ ಆ ಹಸಿರನ್ನು ನೋಡಿ ಧೈರ್ಯ ತಂದುಕೊಂಡೆ. ಬೆಳಿಗ್ಗೆ ಯಂತ್ರದ ಹಿಂಬದಿಯ ಮುಚ್ಚಳ ತೆಗೆದು ನೋಡಿದರೆ ಫಿಲ್ಟರ್ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಗಾಳಿಯ ಸೆಳೆತಕ್ಕೆ ಆ ತೆಳು ಹಾಳೆ ಫಿಲ್ಟರಿನ ಒಂದೊಂದು ಮಡಿಕೆಗೂ ಅಂಟಿಕೊಂಡಿತ್ತು. ನಾನು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೊಡನೆ ಉಸಿರು ಬಿಟ್ಟಂತೆ ಸಡಿಲವಾಯಿತು. ರಾತ್ರಿಯಿಡೀ ಒಂದು ಹಿಡಿ ಗಾಳಿಯೂ ಶುದ್ಧವಾಗಿರಲಿಲ್ಲ. ಹಸಿರು ದೀಪ ಮಾತ್ರ ತನ್ನ ಪಾಡಿಗೆ ಉರಿಯುತ್ತಿತ್ತು.

ಈ ದೀಪದ ಮೇಲೆ ನನ್ನ ದೂರು ದೊಡ್ಡದು. ಅದರ ಹಿಂದಿರುವುದು ಧೂಳು ಎಣಿಸುವ ಸೆನ್ಸರ್. ಸಣ್ಣ ಬೆಳಕೊಂದನ್ನು ಹಾಯಿಸಿ, ಕಣಗಳಿಗೆ ತಾಗಿ ಎಷ್ಟು ಚದುರಿತು ಎಂದು ಲೆಕ್ಕ ಹಾಕುತ್ತದೆ. ಕಣದಲ್ಲಿ ರೋಗಾಣು ಇದೆಯೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು? ಅಮ್ಮ ಹೊದಿಕೆ ಕೊಡವಿದರೆ ಕೆಂಪಾಗಿ ಅಬ್ಬರಿಸುತ್ತದೆ, ಮಗ ಪಕ್ಕದಲ್ಲೇ ನಿಂತು ಸೀನಿದರೆ ಹಸಿರಾಗಿಯೇ ಇರುತ್ತದೆ. ಇದೇ ದೀಪವನ್ನು ನಂಬಿಕೊಂಡು ‘ಆಟೋ’ ಎಂಬ ವ್ಯವಸ್ಥೆ ಓಡುತ್ತದೆ. ಹಸಿರು ಬಂದರೆ ಫ್ಯಾನ್ ತಾನಾಗಿ ನಿಧಾನವಾಗುತ್ತದೆ. ಅಂದರೆ ಕೋಣೆಯಲ್ಲಿ ಜ್ವರದವರು ಕೆಮ್ಮುತ್ತಿರುವಾಗ, ಗಾಳಿ ಹೆಚ್ಚು ತಿರುಗಬೇಕಾದ ಹೊತ್ತಿಗೇ ಅದು ತೂಕಡಿಸುತ್ತದೆ. ಮನೆಯಲ್ಲಿ ಕಾಯಿಲೆ ಇದ್ದಷ್ಟು ದಿನ ಆಟೋ ಬೇಡವೇ ಬೇಡ. ವೇಗವನ್ನು ಕೈಯಿಂದಲೇ ಏರಿಸಿ ಹಾಗೇ ಬಿಡಿ.

ಫಿಲ್ಟರ್ ಒಳ್ಳೆಯದೇ. ಹೆಪಾ ದರ್ಜೆಯದು, 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯಬೇಕು. ವೈರಸ್ ಅದಕ್ಕಿಂತ ಚಿಕ್ಕದಲ್ಲವೇ ಎಂದು ಇವರು ಬಾಗಿಲ ಆಚೆಯಿಂದ ಜ್ವರದಲ್ಲೂ ವಾದ ತೆಗೆದರು. ಚಿಕ್ಕದು ನಿಜ, ಸುಮಾರು 0.1 ಮೈಕ್ರಾನ್. ಆದರೆ ಅದು ಉಗುಳಿನ, ಸಿಂಬಳದ ಹನಿಗಳ ಮೇಲೆ ಸವಾರಿ ಮಾಡುತ್ತದೆ. ಅದಲ್ಲದೆ ಇಂಥ ಫಿಲ್ಟರಿಗೆ ಹಿಡಿಯಲು ಅತಿ ಕಷ್ಟವಾಗುವುದು 0.3ರ ಆಸುಪಾಸಿನ ಕಣಗಳೇ. ಅದಕ್ಕಿಂತ ದೊಡ್ಡವೂ ಸಿಕ್ಕಿಬೀಳುತ್ತವೆ, ಚಿಕ್ಕವೂ ಸಿಕ್ಕಿಬೀಳುತ್ತವೆ.

ಲೆಕ್ಕ ಹಾಕಬೇಕಾದದ್ದು ಗಾಳಿಯ ಪ್ರಮಾಣವನ್ನು. ನಮ್ಮ ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಎತ್ತರ. ಸುಮಾರು 30 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲವಾದರೂ ಇಷ್ಟೂ ಗಾಳಿ ಸೋಸಿ ಬರಲಿ ಎಂದರೆ 150 ಘನ ಮೀಟರ್ ಬೇಕು. ಡಬ್ಬಿಯ ಮೇಲೆ 200 ಎಂದಿದೆ. ಸಾಕಲ್ಲವೇ ಎಂದರೆ, ಅದು ಅತಿ ಹೆಚ್ಚಿನ ವೇಗದಲ್ಲಿ. ಚಂದ್ರನ ಚಿತ್ರವಿರುವ ರಾತ್ರಿಯ ಗುಂಡಿ ಒತ್ತಿದರೆ ಎಷ್ಟು ಎಂಬುದನ್ನು ಡಬ್ಬಿಯ ಯಾವ ಮಗ್ಗುಲಲ್ಲೂ ಬರೆದಿಲ್ಲ. ಅಂಗೈ ಇಟ್ಟು ನೋಡಿದೆ, ಮಗುವಿನ ಉಸಿರಿಗಿಂತ ಸ್ವಲ್ಪ ಜೋರು, ಅಷ್ಟೇ. ಕೊಳ್ಳುವವರು ಕೋಣೆಗೆ ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಂಡು ನಡುವಿನ ವೇಗದಲ್ಲಿ ಓಡಿಸುವುದು ಜಾಣತನ. ದೊಡ್ಡ ವೇಗದ ಸದ್ದಿಗೆ ಪಕ್ಕದ ಮಂಚದಲ್ಲಿ ಮಾತು ಕೇಳಿಸುವುದಿಲ್ಲ. ಮಗಳಿಗೇನೋ ಆ ಸದ್ದು ಇಷ್ಟವಾಗಿ ಚೆನ್ನಾಗಿ ನಿದ್ದೆ ಮಾಡಿದಳು. ನನಗೇ ಭಯ, ಅವಳ ಉಸಿರು ಕೇಳಿಸದು ಎಂದು. ಎರಡು ರಾತ್ರಿ ಬೆರಳ ತುದಿಯನ್ನು ಅವಳ ಹೊಟ್ಟೆಯ ಮೇಲಿಟ್ಟು ಏರಿಳಿತ ಎಣಿಸಿದೆ. ನಿಮಿಷಕ್ಕೆ 44, 48, ಒಮ್ಮೆ 52. ಅರವತ್ತು ಮುಟ್ಟಿದರೆ ಕಾಯದೆ ಹೊರಡಿ ಎಂದಿದ್ದರು.

ಹಾಗೆಂದವರು ಮಕ್ಕಳ ವೈದ್ಯರು. ಯಂತ್ರದ ಬಗ್ಗೆ ನನ್ನ ಅಭಿಪ್ರಾಯವನ್ನು ತಿರುಗಿಸಿ ಹಾಕಿದವರೂ ಅವರೇ. ಎರಡನೆಯ ದಿನ ಫೋನ್ ಮಾಡಿದ್ದೆ. ‘ಯಂತ್ರ ಎಲ್ಲಿಟ್ಟಿದ್ದೀರಿ?’ ಎಂದು ಕೇಳಿದರು. ‘ಮಗುವಿನ ತಲೆಯ ಹತ್ತಿರ’ ಎಂದೆ, ಹೊಗಳಿಕೆ ಬರಬಹುದೆಂದು. ‘ಕೆಮ್ಮುವವರ ಕೋಣೆಗೆ ಕಳುಹಿಸಿ’ ಎಂದರು. ಹುಟ್ಟುವ ಜಾಗದಲ್ಲೇ ಹಿಡಿದರೆ ಮನೆಯೆಲ್ಲ ಹರಡುವುದು ಕಡಿಮೆ. ಮಗುವಿನ ಕೋಣೆಗೆ ಕಾಯಿಲೆಯವರು ಬಾರದೇ ಇದ್ದರೆ, ಕಿಟಕಿ ಆಗಾಗ ತೆರೆಯುತ್ತಿದ್ದರೆ, ಅಲ್ಲಿ ಯಂತ್ರಕ್ಕೆ ಅಷ್ಟು ಕೆಲಸವೇ ಇಲ್ಲ. ಇನ್ನು, ಜ್ವರ ಬಂದವರು ಮಗುವಿನ ಮುಖದ ಮುಂದೆಯೇ ಬಗ್ಗಿ ಕೆಮ್ಮಿದರೆ ಮೂಲೆಯಲ್ಲಿರುವ ಯಾವ ಯಂತ್ರವೂ ಆ ಹನಿಗಳನ್ನು ಓಡಿ ಬಂದು ಹಿಡಿಯಲಾರದು. ಮಗುವಿಗಾಗಿ ಕೊಂಡದ್ದನ್ನು ಮಗುವಿನಿಂದ ದೂರ ಕಳುಹಿಸಬೇಕಲ್ಲ ಎಂದು ಮನಸ್ಸು ಒಪ್ಪಲಿಲ್ಲ. ಆದರೂ ಅಮ್ಮ ಮಾಸ್ಕ್ ಹಾಕಿಕೊಂಡು ಹೋಗಿ ಇಟ್ಟು ಬಂದರು.

ಒಂದು ಗುಂಡಿಯ ಬಗ್ಗೆ ಎಚ್ಚರಿಕೆ: ‘ಅಯಾನ್’ ಎಂಬುದು. ಇಂಥ ಕೆಲವು ಯಂತ್ರಗಳು ಅದರಿಂದ ಓಝೋನ್ ಹೊರಬಿಡುತ್ತವೆ, ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ನಾನು ಆರಿಸಿದವಳು ಮತ್ತೆ ಮುಟ್ಟಿಲ್ಲ.

ಆಮೇಲಿನ ಐದಾರು ದಿನ ಮನೆ ಎರಡು ಹೋಳು. ಆ ಕೋಣೆಯಲ್ಲಿ ಅಪ್ಪ ಮಗ, ಈ ಕೋಣೆಯಲ್ಲಿ ನಾವು ಮೂವರು. ಬಚ್ಚಲು ಮಾತ್ರ ಒಂದೇ. ಅವರು ಹೋಗಿ ಬಂದ ಮೇಲೆ ಕಿಟಕಿ ತೆರೆದಿಟ್ಟು, ನಲ್ಲಿ, ಚಿಲಕ, ಸ್ವಿಚ್ಚು ಒರೆಸಿ, ಆಮೇಲೆ ನಾವು. ಅಮ್ಮನ ಬೆರಳ ಸಂದುಗಳು ಸೋಪಿಗೆ ಒಡೆದಿದ್ದವು. ಸಂಜೆ ನಾನು ಮಾಸ್ಕ್ ಹಾಕಿಕೊಂಡು ಅವರ ಮುಚ್ಚಿದ ಬಾಗಿಲ ಹೊರಗೆ ಕುರ್ಚಿ ಹಾಕಿ ಕೂರುತ್ತಿದ್ದೆ. ಕೆಳಗಿನ ಸಂದಿಯಿಂದ ಮಗನ ನಾಲ್ಕು ಬೆರಳು ಹೊರಗೆ ಬರುತ್ತಿದ್ದವು. ‘ಅಮ್ಮಾ, ಪಾಪುವಿನ ಬೆರಳು ಇಷ್ಟಿದೆಯಾ?’ ಎಂದು ಕೇಳುತ್ತಿದ್ದ. ಒಳಗೆ ಯಂತ್ರ ಗೊರಗುಟ್ಟುತ್ತಿದ್ದರಿಂದ ನಾನು ಕೂಗಿ ಉತ್ತರ ಹೇಳಬೇಕಾಗುತ್ತಿತ್ತು. ಬೆರಳು ಮುಟ್ಟಬೇಕೆನಿಸಿ ಮುಟ್ಟಿದ್ದೂ ಉಂಟು. ಅಮ್ಮ ನೋಡಿದರೆ ಏನೂ ಹೇಳದೆ ಸೋಪು ತಂದು ಕೊಡುತ್ತಿದ್ದರು.

ಮಗಳಿಗೆ ಜ್ವರ ಬರಲಿಲ್ಲ. 38 ಡಿಗ್ರಿ, ಅಂದರೆ ಹಳೆಯ ಲೆಕ್ಕದಲ್ಲಿ 100.4 ಮುಟ್ಟಿದರೆ ಮನೆಯಲ್ಲಿ ಯಾವ ಔಷಧಿಯನ್ನೂ ಕೊಡದೆ ನೇರ ಆಸ್ಪತ್ರೆಗೆ ಬನ್ನಿ ಎಂದಿದ್ದರು ವೈದ್ಯರು. ಥರ್ಮಾಮೀಟರ್ 37.4ರ ಮೇಲೆ ಏರಲಿಲ್ಲ. ಇದರಲ್ಲಿ ಯಂತ್ರದ ಪಾಲು ಎಷ್ಟು ಎಂದು ಕೇಳಿದರೆ ನಾನು ಅದಕ್ಕೆ ಮೂರನೆಯ ಜಾಗ ಕೊಡುತ್ತೇನೆ, ಮುಚ್ಚಿದ ಬಾಗಿಲು ಮತ್ತು ಅಮ್ಮನ ಸೋಪಿನ ನಂತರ. ಮನೆಯಲ್ಲಿ ಇನ್ನೊಂದು ಕೋಣೆಯೇ ಇಲ್ಲದವರಿಗೆ, ಎಲ್ಲರೂ ಒಂದೇ ಕಡೆ ಮಲಗಬೇಕಾದವರಿಗೆ ಇದು ಎರಡನೆಯ ಜಾಗಕ್ಕೂ ಬರಬಹುದು. ಅಂಥವರು ಮೊದಲು ಒಳ್ಳೆಯ ಮಾಸ್ಕ್ ಕೊಳ್ಳಲಿ, ಕಾಯಿಲೆಯವರಿಗೆ. ಮಗುವಿಗೆ ಮಾತ್ರ ಯಾವ ಕಾರಣಕ್ಕೂ ಮಾಸ್ಕ್ ಹಾಕಬಾರದು, ಎರಡು ವರ್ಷದವರೆಗೆ ಅದು ಉಸಿರಿಗೇ ಅಪಾಯ.

ಫಿಲ್ಟರಿಗೆ ಐದಕ್ಕೆ ನಾಲ್ಕು ನಕ್ಷತ್ರ. ದೀಪಕ್ಕೆ ಒಂದು. ರಾತ್ರಿಯ ಗುಂಡಿಗೆ ಒಂದೂವರೆ, ಸುಳ್ಳು ಹೇಳುವುದಿಲ್ಲ, ಬರೀ ಬಾಯಿ ಮುಚ್ಚಿಕೊಂಡಿರುತ್ತದೆ. ಒಟ್ಟಾರೆ ಮೂರು.

ಪ್ಲಾಸ್ಟಿಕ್ ಕವರಿನ ಬಗ್ಗೆ ಕಂಪನಿಗೆ ದೂರು ಬರೆದೆ. ಫಿಲ್ಟರ್ ಹೊದಿಕೆ ತೆಗೆಯದಿದ್ದರೆ ದೀಪ ಉರಿಯದಂತೆ ಮಾಡಲಾಗದೇ, ಕನಿಷ್ಠ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಲಾಗದೇ ಎಂದು ಕೇಳಿದ್ದೆ. ಎರಡು ದಿನದ ಮೇಲೆ ಉತ್ತರ ಬಂತು: ‘ಬಳಸುವ ಮೊದಲು ಹೊದಿಕೆ ತೆಗೆಯಬೇಕೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ತಿಳಿಸಲಾಗಿದೆ.’ ತಿಳಿಸಿದ್ದಾರೆ, ನಾನೂ ಓದಿದೆ. ಆ ಕೈಪಿಡಿ ನಮಗೆ ಸಿಕ್ಕಿದ್ದು ಫಿಲ್ಟರಿನ ಜೊತೆ, ಅದೇ ಪ್ಲಾಸ್ಟಿಕ್ ಕವರಿನೊಳಗೆ.